ಅಣ್ಣನ ಪಾಲು

ಹೌನ್ಸ್ಲೋ
20 ಆಗಸ್ಟ್ 1999

ಅಣ್ಣಾ,

ನಿನ್ನ ತಂಗಿ ಗುರುದೇವಿ ಲಂಡನ್ನಿನ ಈ ಮೂಲೆಯಲ್ಲಿ ಇನ್ನೂ ಬದುಕಿದ್ದಾಳೆ. ಇದೊಂದನ್ನು ತಿಳಿಸೋಣ ಅಂತ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಆರಾಮಿದ್ದೀಯಿಲ್ಲೋ? ನಾವೂ ಆರಾಮ. ಇಡ್ತೀನಿ" ಎಂದು ಮೂರೇ ಮಾತಿಗೆ ಮುಗಿಸಿಬಿಡುತ್ತಿ.

ನಮ್ಮವರು ಹೋಗಿ ಆರು ತಿಂಗಳಾಯಿತು. ಮನೆಯ ಮೇಲೆ ವಿಮಾನಗಳು ಮೊದಲಿನಂತೆಯೇ ಹಾರುತ್ತಿವೆ. ಅವರಿದ್ದಾಗ ತಲೆ ಎತ್ತಿ ನೋಡಿ "ಇದರಾಗ ನಮ್ಮ ಅಡಗಿಮನಿ ಊಟ ಐತಿ ನೋಡು" ಅನ್ನುತ್ತಿದ್ದರು. ಜೀವನವಿಡೀ ವಿಮಾನದ ಊಟದ ಟ್ರೇ ತುಂಬಿದ ಮನುಷ್ಯ, ತಾನು ಹತ್ತಿದ್ದು ಧಾರವಾಡಕ್ಕೆ ಬರಲು ಮಾತ್ರ. ನೇತ್ರಾ ಕೊಲಿಂಡೇಲ್‌ನಿಂದ ರವಿವಾರ ಬರುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಫ್ರಿಜ್ ಸ್ವಚ್ಛ ಮಾಡಿ, ನನ್ನ ಗಲ್ಲ ಮುಟ್ಟಿ ಹೋಗುತ್ತಾಳೆ. ಒಳ್ಳೆಯ ಹುಡುಗಿ.

ಹೋದ ವಾರ ಇಲ್ಲಿ ಗ್ರಹಣ ಹಿಡಿಯಿತು. ಓಣಿಯ ಜನವೆಲ್ಲ ಕಾಗದದ ಕನ್ನಡಕ ಹಾಕಿಕೊಂಡು ಹೊರಗೆ ನಿಂತಿದ್ದರು. ನಾನು ಅವ್ವ ಹೇಳಿದ್ದಂತೆ ಒಳಗೆ ಕೂತೆ. ಬಿಡುವವರೆಗೂ ಏನೂ ತಿನ್ನಲಿಲ್ಲ. ತಿನ್ನು ಅನ್ನುವವರೂ ಇರಲಿಲ್ಲ ಬಿಡು.

ಸೋಮವಾರ ಪಂಚಮಿ ಆಯಿತು. ಪೋಸ್ಟ್‌ಮನ್ ಬಂದಿದ್ದ. ಕೌನ್ಸಿಲ್ ಕಾಗದ, ಪಿಜ್ಜಾ ಅಂಗಡಿಯ ಜಾಹೀರಾತು. ಅಷ್ಟೇ. ಕಡಲಾಚೆಯ ತಂಗಿಯನ್ನು ಹಬ್ಬಕ್ಕೆ ಕರೆಯಲು ಬರಲಾಗುವುದಿಲ್ಲ ಎಂದು ನೀನು ವರ್ಷಾ ವರ್ಷಾ ಒಂದು ಕುಪ್ಪಸದ ಕಣ, ಶೇಂಗಾ ಉಂಡಿ, ಕೊಬ್ಬರಿ ಬಟ್ಟಲು ಕಟ್ಟಿ ಕಳಿಸುತ್ತಿದ್ದೆಯಲ್ಲ, ಆ ಗಂಟು ನೆನಪಾಯಿತು. ಕೇಳುತ್ತಿಲ್ಲ. ನೆನಪಾಯಿತು ಅಂದೆ. ಪೋಸ್ಟ್‌ಮನ್ ಒಳ್ಳೆಯ ಮನುಷ್ಯ, ಅವನದೇನೂ ತಪ್ಪಿಲ್ಲ.

ವೈನಿಗೆ ನಮಸ್ಕಾರ ಹೇಳು.

ಗುರುದೇವಿ


ಧಾರವಾಡ
14 ಸೆಪ್ಟೆಂಬರ್ 1999

ತಂಗಿ ಗುರುದೇವಿಗೆ ಸಿದ್ದಲಿಂಗಪ್ಪನ ಆಶೀರ್ವಾದ.

ಪತ್ರ ಮುಟ್ಟಿತು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಸಾಕಷ್ಟಾಗಿದೆ. ಅಂಗಡಿ ನಡೆದಿದೆ, ಆದರೆ ಈಗಿನ ಹುಡುಗಿಯರು ಕಣ ಕೇಳುವುದಿಲ್ಲ, ಡ್ರೆಸ್ ಪೀಸ್ ಕೇಳುತ್ತಾರೆ. ಗುಳೇದಗುಡ್ಡದ ಮಾಲು ಕಡಿಮೆ ತರಿಸುತ್ತಿದ್ದೇನೆ. ನನ್ನ ಮೊಣಕಾಲು ನೋವು ಇದೆ. ನಿನ್ನ ವೈನಿಗೆ ಶ್ರಾವಣದಲ್ಲಿ ಮೈಯಲ್ಲಿ ನೆಟ್ಟಗಿರಲಿಲ್ಲ, ಹೀಗಾಗಿ ಈ ಸಲ ಉಂಡಿ ಕಟ್ಟಲಿಲ್ಲ.

ಅಲ್ಲಿಯ ಟಪಾಲಿನವರು ಒಳ್ಳೆಯವರೆಂದು ಬರೆದಿದ್ದಿ. ಕೇಳಿ ಸಂತೋಷ. ಇಲ್ಲಿ ಹಾಗಿಲ್ಲ.

ನೀನು ಹೇಳಿದಂತೆಯೇ ನಾನು ನಡೆದುಕೊಂಡಿದ್ದೇನೆ. ಹೆಚ್ಚು ಬರೆಯಲು ತೋಚುವುದಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು.

ಸಿದ್ದಲಿಂಗಪ್ಪ


ಹೌನ್ಸ್ಲೋ
25 ಜೂನ್ 2000

ಅಣ್ಣಾ,

"ನೀನು ಹೇಳಿದಂತೆಯೇ" ಎಂದು ಬರೆದಿದ್ದಿ. ನಾನು ಏನು ಹೇಳಿದ್ದೆ? ಇಡೀ ಚಳಿಗಾಲ ವಿಚಾರ ಮಾಡಿದೆ, ನೆನಪಾಗಲಿಲ್ಲ. ಹೇಳದಿದ್ದದ್ದನ್ನು ಹೇಳಿದೆ ಅಂದರೆ ಏನು ಉತ್ತರ ಬರೆಯಲಿ? ಅದಕ್ಕೇ ಬರೆಯಲಿಲ್ಲ.

ಒಂದು ಸುದ್ದಿ ಇದೆ. ನೇತ್ರಾ ನನ್ನನ್ನು ಇಟಲಿಗೆ ಕಳಿಸುತ್ತಿದ್ದಾಳೆ. ಸಿಸಿಲಿ ಎಂಬ ದ್ವೀಪ, ಅದರ ದಂಡೆಯಲ್ಲಿ ಚೆಫಲು ಎಂಬ ಹಳೆಯ ಊರು. ಟ್ರಾವೆಲ್ ಏಜೆಂಟ್ ಕೊಟ್ಟ ಪುಸ್ತಕದಲ್ಲಿ ಚಿತ್ರ ನೋಡಿ ನಮ್ಮವರು ಒಮ್ಮೆ "ರಿಟೈರ್ ಆದಮ್ಯಾಲೆ ಇಲ್ಲಿಗೆ ಹೋಗೂಣು" ಅಂದಿದ್ದರು. ಆ ಪುಟವನ್ನು ಮಡಿಚಿಟ್ಟಿದ್ದರು. ಮಗಳ ಕಣ್ಣಿಗೆ ಅದು ಬಿತ್ತು. "ಮಮ್, ಯು ಮಸ್ಟ್ ಗೋ" ಅಂದಳು. ರಜೆ ಸಿಗದೆ ತಾನು ಬರುತ್ತಿಲ್ಲ. ಇಂಗ್ಲಿಷ್ ಮುದುಕ ಮುದುಕಿಯರ ಗುಂಪಿನ ಜೊತೆ ನಾನೊಬ್ಬಳೇ.

ಆಗಸ್ಟ್ ಒಂದರಿಂದ ಮನೆಗೆ ಬೀಗ. ಪಂಚಮಿಗೆ ನಾನು ಇಲ್ಲಿ ಇರುವುದಿಲ್ಲ. ಯಾರಾದರೂ ಏನಾದರೂ ಕಳಿಸಿದರೆ ತೆಗೆದುಕೊಳ್ಳುವವರಿಲ್ಲ. ಕಳಿಸುವವರೂ ಇಲ್ಲ, ಆದ್ದರಿಂದ ಚಿಂತೆಯಿಲ್ಲ.

ಗುರುದೇವಿ


ಧಾರವಾಡ
12 ಜುಲೈ 2000

ತಂಗೀ,

ಒಳ್ಳೆಯದಾಯಿತು. ಹೋಗಿ ಬಾ. ನೇತ್ರಾ ಶಾಣ್ಯಾ ಹುಡುಗಿ.

ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗು, ಅಲ್ಲಿ ಏನು ಸಿಗುತ್ತದೋ ಬಿಡುತ್ತದೋ. ಸಮುದ್ರದಲ್ಲಿ ಇಳಿಯಬೇಡ. ನಾನು ಕಾರವಾರದಲ್ಲಿ ಒಮ್ಮೆ ಇಳಿದು ಚಪ್ಪಲಿ ಕಳೆದುಕೊಂಡಿದ್ದೇನೆ. ನೋಡಿದ್ದನ್ನೆಲ್ಲ ಬರೆ. ತಿರುಗಿ ಬರುವುದು ಯಾವ ತಾರೀಖು? ತಪ್ಪದೆ ತಿಳಿಸು.

ಸಿದ್ದಲಿಂಗಪ್ಪ


ಚೆಫಲು, ಸಿಸಿಲಿ
6 ಆಗಸ್ಟ್ 2000

ಅಣ್ಣಾ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಆದರೆ "ನೋಡಿದ್ದನ್ನೆಲ್ಲ ಬರೆ" ಅಂದಿದ್ದಿಯಲ್ಲ, ಮೊದಲು ಊರಿನ ವಿಷಯ ಹೇಳುತ್ತೇನೆ. ಸಿಟ್ಟು ಎಲ್ಲಿಗೂ ಓಡಿಹೋಗುವುದಿಲ್ಲ.

ವಿಮಾನದಲ್ಲಿ ಊಟದ ಟ್ರೇ ಕೊಟ್ಟರು. ಬೆಳ್ಳಿ ಕಾಗದವನ್ನು ಹರಿಯದಂತೆ ಬಿಚ್ಚಿದೆ. ಇದನ್ನು ಯಾರೋ ನಮ್ಮ ಪಕ್ಕದ ಹೇಸ್ ಊರಿನ ಕಡೆಯವರು ಬೆಳಗಿನ ಪಾಳಿಯಲ್ಲಿ ನಿಂತು ತುಂಬಿರುತ್ತಾರೆ. ಅನ್ನದ ಮೂಲೆಯಲ್ಲಿ ಬಟಾಣಿ ಕಾಳು ಚೆಲ್ಲಬಾರದು ಎಂದು ನಮ್ಮವರು ಹೊಸಬರಿಗೆ ಗದರುತ್ತಿದ್ದರಂತೆ. ನನ್ನ ಟ್ರೇಯಲ್ಲಿ ಒಂದೂ ಚೆಲ್ಲಿರಲಿಲ್ಲ. ಅಳು ಬಂತು. ಪಕ್ಕದ ಹೆಂಗಸು ನನಗೆ ವಿಮಾನದ ಭಯ ಎಂದು ತಿಳಿದು ಕೈ ಹಿಡಿದುಕೊಂಡಳು.

ಊರು ಚಂದ ಇದೆ, ಸುಳ್ಳು ಹೇಳಬಾರದು. ಒಂದು ಕಡೆ ಸಮುದ್ರ, ಬೆನ್ನಿಗೆ ದೊಡ್ಡ ಬಂಡೆಗುಡ್ಡ, ನಡುವೆ ಇಕ್ಕಟ್ಟಾಗಿ ಮನೆಗಳು. ಓಣಿಗೆ ಅಡ್ಡ ಹಗ್ಗ ಕಟ್ಟಿ ಚಾದರ ಒಣಹಾಕಿದ್ದಾರೆ. ಮುದುಕಿಯರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗುವವರನ್ನೆಲ್ಲ ನೋಡುತ್ತ ಕೂರುತ್ತಾರೆ, ನಮ್ಮ ಓಣಿಯ ಕಟ್ಟೆಯ ಮೇಲೆ ಕೂತಂತೆ. ಒಬ್ಬಾಕೆ ನನ್ನ ಸೀರೆಯ ಸೆರಗು ಮುಟ್ಟಿ ಏನೋ ಕೇಳಿದಳು. ತಿಳಿಯಲಿಲ್ಲ. ನಾನೂ ಕನ್ನಡದಲ್ಲಿ "ಇಳಕಲ್ಲದ್ದ ಐತ್ರಿ ಇದು" ಅಂದೆ. ಇಬ್ಬರೂ ನಕ್ಕೆವು. ಈ ವಾರದಲ್ಲಿ ನಾನು ಇನ್ನೊಬ್ಬರೊಡನೆ ಆಡಿದ ಕನ್ನಡ ಅಷ್ಟೇ.

ಹೋಟೆಲಿನಲ್ಲಿ ಎಲ್ಲ ಮೇಜಿಗೂ ಎರಡೆರಡು ತಾಟು ಇಟ್ಟಿರುತ್ತಾರೆ. ನಾನು ಕೂತ ಕೂಡಲೇ ವೇಟರ್ ಬಂದು ಎದುರಿನ ತಾಟು, ಲೋಟ, ಚಮಚ ಎಲ್ಲ ಎತ್ತಿಕೊಂಡು ಹೋಗುತ್ತಾನೆ. ದಿನಾ ಸಂಜೆ ಹೀಗೇ. ನಿನ್ನೆ ನಾನೇ ಹೇಳಿದೆ, ಇರಲಿ ಬಿಡಪ್ಪಾ ಎಂದು. ಅವನು ಯಾರೋ ಬರುತ್ತಾರೆಂದು ಕಾದ. ನಾನು ಊಟ ಮುಗಿಸಿ ಎದ್ದೆ.

ಇಲ್ಲಿ ಒಂದು ದೊಡ್ಡ ಇಗರ್ಜಿ ಇದೆ, ಎರಡು ಗೋಪುರದ್ದು. ರೋಜರ್ ಎಂಬ ರಾಜ ಬಿರುಗಾಳಿಯಲ್ಲಿ ಸಿಕ್ಕು, ದಡ ಮುಟ್ಟಿದರೆ ಗುಡಿ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತನಂತೆ. ಒಳಗೆ ಹೋದರೆ ಗೋಡೆಯ ತುಂಬ ಬಂಗಾರದ ಬಣ್ಣದ ಚೂರುಗಳು, ಅದರಲ್ಲಿ ಏಸುವಿನ ದೊಡ್ಡ ಮುಖ. ಎಲ್ಲಿ ನಿಂತರೂ ನಿನ್ನನ್ನೇ ನೋಡುತ್ತಾನೆ. ಆ ರಾಜ ತನ್ನನ್ನು ಇಲ್ಲೇ ಇಡಬೇಕೆಂದು ಕಲ್ಲಿನ ಪೆಟ್ಟಿಗೆಯನ್ನೂ ಮಾಡಿಸಿಟ್ಟಿದ್ದನಂತೆ. ಸತ್ತಮೇಲೆ ಪಲೆರ್ಮೋ ಎಂಬ ಬೇರೆ ಊರಲ್ಲಿ ಹುಗಿದರು. ಗೈಡ್ ಹುಡುಗಿ ಇದನ್ನು ನಗುತ್ತ ಹೇಳಿದಳು, ಎಲ್ಲರೂ ನಕ್ಕರು. ನನಗೆ ಹೌನ್ಸ್ಲೋದ ಮಣ್ಣು ನೆನಪಾಯಿತು. ನಮ್ಮ ಪದ್ಧತಿಯಂತೆ ನಮ್ಮವರನ್ನು ಕೂರಿಸಿ ಮಣ್ಣು ಮಾಡಲು ಆಗಲಿಲ್ಲ ಅಣ್ಣಾ. ಇಲ್ಲಿಯವರಂತೆ ಪೆಟ್ಟಿಗೆಯಲ್ಲಿ ಮಲಗಿಸಿದೆವು. ಇದನ್ನು ನಿನಗೆ ಹೇಳಿರಲಿಲ್ಲ. ನೀನೂ ಕೇಳಲಿಲ್ಲ.

ಗುಡ್ಡದ ಮೇಲೆ ಹಳೆಯ ಕಾಲದ ದೇವಿಯ ಗುಡಿ ಇದೆ, ಬರೀ ಕಲ್ಲು ಉಳಿದಿದೆ. ಎಲ್ಲರೂ ಹತ್ತಿದರು. ನಾನು ಅರ್ಧಕ್ಕೇ ಒಂದು ಮುರುಕು ಗೋಡೆಯ ಮೇಲೆ ಕೂತೆ. ಕೆಳಗೆ ಹಂಚಿನ ಮನೆಗಳು, ಆಚೆ ನೀಲಿ ನೀರು. "ನೋಡ್ರಿ ಇಲ್ಲಿ" ಎಂದು ಪಕ್ಕಕ್ಕೆ ತಿರುಗಿದೆ. ಅಭ್ಯಾಸ.

ಇವತ್ತು ಇಲ್ಲಿಯ ದೇವರ ಹಬ್ಬ. ಸಾಬೂನು ಬಳಿದ ಕಂಬವನ್ನು ಸಮುದ್ರದ ಮೇಲೆ ಅಡ್ಡ ಚಾಚಿ ತುದಿಗೆ ಬಾವುಟ ಕಟ್ಟಿದ್ದರು. ಗಂಡಸರು ಬರಿಗಾಲಲ್ಲಿ ಓಡಿ ಅದನ್ನು ಹಿಡಿಯಬೇಕು. ಒಬ್ಬೊಬ್ಬರೂ ದೊಪ್ಪನೆ ನೀರಿಗೆ! ನಗುತ್ತ ನಗುತ್ತ ನನಗೆ ನಮ್ಮ ಪಂಚಮಿಯ ಪಂದ್ಯ ನೆನಪಾಯಿತು. ನೀನು ನಿಂಬೆಹಣ್ಣು ಎಸೆಯುತ್ತ ಮುರುಘಾಮಠದವರೆಗೆ ಹೋಗಿದ್ದಿ, ನಾನು ಜೋಕಾಲಿ ಬಿಟ್ಟು "ನಮ್ಮಣ್ಣ, ನಮ್ಮಣ್ಣ" ಎಂದು ಕೂಗುತ್ತ ಹಿಂದೆ ಓಡಿದ್ದೆ. ಇಲ್ಲಿಯೂ ಗೋಡೆಯ ಮೇಲೆ ನಿಂತು ಒಬ್ಬಳು ಹಾಗೇ ಕೂಗುತ್ತಿದ್ದಳು. ಅವಳ ಅಣ್ಣ ಜಾರಿ ಬಿದ್ದ. ಆದರೂ ಕೂಗುವುದನ್ನು ಬಿಡಲಿಲ್ಲ.

ಈಗ ಸಿಟ್ಟಿನ ವಿಷಯ.

ನಿನ್ನೆ ಪಂಚಮಿ. ಎಲ್ಲಿದ್ದರೂ ಹಾಲು ಎರೆಯದೆ ಬಿಟ್ಟವಳಲ್ಲ ನಾನು. ಅಂಗಡಿಯಲ್ಲಿ ಹಾಲಿನ ಡಬ್ಬಿ ಕೊಂಡೆ. ಕೊಬ್ಬರಿ ಬಟ್ಟಲು ಇರಲಿಲ್ಲ, ಯಾರೂ ಕಳಿಸಿರಲಿಲ್ಲ. ಹೋಟೆಲಿನ ಕಾಫಿ ಮಶೀನಿನ ಹತ್ತಿರದಿಂದ ಒಂದು ಕಾಗದದ ಲೋಟ ತೆಗೆದುಕೊಂಡೆ. ಊರ ನಡುವೆ ಹಳೆಯ ಕಾಲದ ಅಗಸರ ಕಟ್ಟೆ ಇದೆ. ಮೆಟ್ಟಿಲು ಇಳಿದು ಕೆಳಗೆ ಹೋಗಬೇಕು. ಬಟ್ಟೆ ಒಗೆಯುವ ಕಲ್ಲುಗಳು ನುಣ್ಣಗೆ ಸವೆದಿವೆ, ಗೋಡೆಯಲ್ಲಿ ಸಿಂಹದ ಬಾಯಿಗಳಿಂದ ತಣ್ಣನೆ ನೀರು ಬಿದ್ದು ಸಮುದ್ರಕ್ಕೆ ಹರಿಯುತ್ತದೆ. ನಾಗಪ್ಪನ ಕಲ್ಲು ಎಲ್ಲಿ ತರಲಿ? ಒಂದು ಸಿಂಹದ ಬಾಯಿಯನ್ನೇ ನಾಗಪ್ಪ ಅಂದುಕೊಂಡೆ. ಯಾರೂ ಇಲ್ಲದ್ದು ನೋಡಿ ಶುರು ಮಾಡಿದೆ. ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ನೇತ್ರಾನ ಪಾಲು. ಅಪ್ಪ ಅವ್ವ ಹೋದ ಮೇಲೂ ಅವರ ಪಾಲು ಎರೆಯುತ್ತೇವಲ್ಲ ಎಂದು ನಮ್ಮವರ ಪಾಲೂ ಎರೆದೆ.

ಆಮೇಲೆ ಅಣ್ಣನ ಪಾಲು. ಹೆಸರು ನಾಲಿಗೆಯ ತುದಿಗೆ ಬಂತು. ಲೋಟ ಬಗ್ಗಿಸಲಿಲ್ಲ.

ಯಾಕೆ ಎರೆಯಲಿ? ಗಂಡ ಇರುವವರೆಗೆ ತಂಗಿ, ಗಂಡ ಹೋದಮೇಲೆ ಹೊರಗಿನವಳು. ಕಣ ತೊಡುವ ಭಾಗ್ಯ ಹೋಯಿತೆಂದು ಅಣ್ಣನೂ ಹೋದನೇ? ಇಡೀ ಅಂಗಡಿ ತುಂಬ ಬಟ್ಟೆ ಇಟ್ಟುಕೊಂಡವನಿಗೆ ನನಗೆಂದು ಒಂದು ತುಂಡು ಸಿಗಲಿಲ್ಲ. "ತಿರುಗಿ ಬರುವುದು ಯಾವ ತಾರೀಖು" ಎಂದು ಟಿಕೆಟ್ ಕಲೆಕ್ಟರನಂತೆ ಕೇಳುತ್ತಿ. ನಿನಗೇಕೆ ಬೇಕು ಆ ತಾರೀಖು? ಲೋಟದಲ್ಲಿ ಉಳಿದ ಹಾಲನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ನಾನೇ ಕುಡಿದೆ. ನನಗೆ ತವರು ಮುಗಿಯಿತು ಅಂದುಕೊಂಡೆ. ಈ ಮಾತನ್ನು ನಿನಗೆ ತಿಳಿಸಲೆಂದೇ ಪತ್ರ.

ಗುರುದೇವಿ


ಹೌನ್ಸ್ಲೋ
9 ಆಗಸ್ಟ್ 2000

ಅಣ್ಣಾ, ಅಣ್ಣಾ,

ಇಟಲಿಯ ಸ್ಟ್ಯಾಂಪ್ ಇರುವ ಪತ್ರ ಬಂದರೆ ಒಡೆಯಬೇಡ. ಕೈ ಮುಗಿಯುತ್ತೇನೆ. ಹಾಗೇ ಒಲೆಗೆ ಹಾಕು. ವೈನಿಯ ಕೈಗೆ ಸಿಕ್ಕರೆ ವೈನಿಯೂ ಒಡೆಯಬಾರದು. ಅದರಲ್ಲಿ ಓದುವಂಥದ್ದು ಏನೂ ಇಲ್ಲ. ಊರು, ಸಮುದ್ರ, ಇಗರ್ಜಿ, ಹಾಳುಮೂಳು.

ನಿನ್ನೆ ಬಾಗಿಲು ತೆಗೆದರೆ ಕಾಗದಗಳ ರಾಶಿಯ ಮೇಲೆ ಪೋಸ್ಟ್‌ಮನ್ ಬಿಟ್ಟುಹೋದ ಕೆಂಪು ಕಾರ್ಡು. ನೀವು ಮನೆಯಲ್ಲಿರಲಿಲ್ಲ, ನಿಮ್ಮ ಪಾರ್ಸಲ್ ನಮ್ಮಲ್ಲಿದೆ ಎಂದು. ಇವತ್ತು ಬಾಗಿಲು ತೆಗೆಯುವ ಮೊದಲೇ ಪೋಸ್ಟ್ ಆಫೀಸಿನ ಮುಂದೆ ನಿಂತಿದ್ದೆ. ಬಿಳಿ ಬಟ್ಟೆ ಹೊಲಿದು ಅರಗು ಹಾಕಿದ ಗಂಟು. ನಿನ್ನ ಅಕ್ಷರ. ಕೌಂಟರಿನವನು ಗುರುತಿನ ಕಾಗದ ಕೇಳಿದ. ನನಗೆ ಪರ್ಸಿನ ಬಾಯಿ ತೆಗೆಯಲು ಬರಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಎರಡು ಕಣ. ಹೋದ ವರ್ಷದ್ದು ರುದ್ರಾಕ್ಷಿ ನೇಯ್ಗೆಯದು, ಈ ವರ್ಷದ್ದು ಸೂಜಿಮಲ್ಲಿಗೆಯದು. ಉಂಡಿ ದಾರಿಯಲ್ಲಿ ಪುಡಿಪುಡಿಯಾಗಿದೆ, ಚಮಚದಿಂದ ತಿಂದೆ. ಕೊಬ್ಬರಿ ಬಟ್ಟಲು ಗಟ್ಟಿಯಾಗಿದೆ. ನಿನ್ನ ಚೀಟಿ ಕಣದ ಮಡಿಕೆಯಲ್ಲಿತ್ತು. "ಮಣ್ಣು ಮಾಡಿದ ದಿನ ಫೋನಿನಾಗ, ಇನ್ನ ನನಗ ಬಣ್ಣದ ಅರಿವಿ ಕಳಿಸಬ್ಯಾಡ ಅಣ್ಣಾ ಅಂದಿದ್ದಿ. ಹೋದ ವರ್ಷ ನಿನ್ನ ಮಾತು ಕೇಳಿದೆ. ಈ ವರ್ಷ ಕೇಳೂದಿಲ್ಲ. ಬೇಕಾದರ ಬೈ."

ನಾನು ಹಾಗಂದಿದ್ದೆನೇ? ಅಣ್ಣಾ, ಆ ದಿನ ನಾನು ಏನೇನು ಅಂದೆನೋ ಯಾರಿಗೆ ಗೊತ್ತು! ಅವತ್ತು ನೇತ್ರಾಳಿಗೆ "ಯಾರವ್ವಾ ನೀನು" ಅಂದೆನಂತೆ. ಅಂಥ ಮಾತನ್ನು ಹಿಡಿದುಕೊಂಡು ಕೂರುತ್ತಾರೆಯೇ? ಗಂಟಿನ ಮೇಲೆ ಜುಲೈ ಹತ್ತರ ಮುದ್ರೆ ಇದೆ. ಹನ್ನೆರಡನೆಯ ತಾರೀಖು ನನಗೆ ಆ ಮೊಂಡು ಪತ್ರ ಬರೆಯುವಾಗ ಗಂಟು ಆಗಲೇ ಹೊರಟಾಗಿತ್ತು. "ಕಳಿಸಿದ್ದೇನೆ" ಎಂದು ಒಂದು ಮಾತು ಬರೆದಿದ್ದರೆ ನಿನ್ನ ಪೆನ್ನಿನ ಶಾಯಿ ತೀರುತ್ತಿತ್ತೇ?

ಆ ಪತ್ರ ಒಡೆಯಬೇಡ. ಫೋನ್ ಮಾಡಿ ಹೇಳೋಣ ಅಂದುಕೊಂಡೆ, ರಿಸೀವರ್ ಎತ್ತಿ ಇಟ್ಟೆ. ನೀನು "ಯಾಕ, ಏನ್ ಬರದೀ ಅದರಾಗ?" ಎಂದು ಕೇಳಿದರೆ ನಾನು ಏನು ಹೇಳಲಿ?

ನಿನ್ನ ಗುರುದೇವಿ


ಧಾರವಾಡ
11 ಸೆಪ್ಟೆಂಬರ್ 2000

ತಂಗೀ ಗುರೂ,

ನಿನ್ನ ಹೌನ್ಸ್ಲೋದ ಪತ್ರ ಮುಟ್ಟಿತು. ಇಟಲಿಯದು ಬಂದಿಲ್ಲ. ಇಷ್ಟು ದಿನ ಬಾರದ್ದು ಇನ್ನು ಬರುವುದೂ ಇಲ್ಲ. ಟಪಾಲಿನವರ ವಿಷಯ ನಾನು ಹೋದ ವರ್ಷವೇ ಬರೆದಿದ್ದೆ. ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ನೀನು ತಲೆ ಕೆಡಿಸಿಕೊಳ್ಳಬೇಡ.

ಗಂಟು ಕಳಿಸಿದ್ದನ್ನು ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಿ. ಬರೆದರೆ ನೀನು ಬೇಡ ಅನ್ನುತ್ತಿದ್ದಿ. ಹಾಗೆ ಅಂದರೆ ನಾನು ಮತ್ತೆ ನಿನ್ನ ಮಾತು ಕೇಳಬೇಕಾಗುತ್ತಿತ್ತು. ಅಂಗಡಿಗೆ ಯಾರಾದರೂ ಬಂದು "ನಮ್ಮ ತಂಗಿಗೊಂದ ಚಲೋ ಕಣ ತೋರಸ್ರಿ" ಅಂದಾಗಲೆಲ್ಲ ನನ್ನ ಕೈ ನಿನಗೆ ಒಪ್ಪುವ ಬಣ್ಣಕ್ಕೇ ಹೋಗುತ್ತಿತ್ತು. ನಿನ್ನ ವೈನಿ ಒಂದು ದಿನ ಅಂದಳು: "ಆಕಿ ಬ್ಯಾಡ ಅಂದ್ಲು, ನೀವು ಬಿಟ್ರಿ. ಆಕಿ ಸಣ್ಣಾಕಿ ಇದ್ದಾಗ ಜೋಕಾಲಿ ಬ್ಯಾಡ ಅಂತ ಅತ್ತರೂ ಎತ್ತಿ ಕೂಡಸ್ತಿದ್ರೆಲ್ಲ, ಆವಾಗ ಯಾಕ ಕೇಳ್ತಿದ್ದಿಲ್ಲ?" ಮರುದಿನ ಗಂಟು ಹೊಲಿಸಿದೆ.

ಸೂಜಿಮಲ್ಲಿಗೆ ಒಗೆದ ಮೇಲೆ ಸ್ವಲ್ಪ ಕುಗ್ಗುತ್ತದೆ, ತೋಳು ಸಡಿಲ ಇಟ್ಟು ಹೊಲಿಸು. ಮಂದಿ ಏನಾದರೂ ಅನ್ನಲಿ, ತೊಡು. ನಾನು ಹೇಳುತ್ತಿದ್ದೇನೆ.

ಮುಂದಿನ ಪಂಚಮಿಗೆ ನಾನೇ ಬಂದು ಕರೆಯಬೇಕು ಎಂದು ಆಸೆ ಇದೆ. ಡಾಕ್ಟರು ಬೇಡ ಅನ್ನುತ್ತಾರೆ. ಮೊಣಕಾಲಿನದಷ್ಟೇ ಅಲ್ಲ, ಎದೆಯದೂ ಸ್ವಲ್ಪ ಇದೆ. ನಿನಗೆ ಹೇಳಿರಲಿಲ್ಲ. ಹೀಗಾಗಿ ಪತ್ರದಲ್ಲೇ ಕರೆಯುತ್ತೇನೆ. ತಂಗೀ, ಪಂಚಮಿಗೆ ಬಾ. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿಸಿರುತ್ತೇನೆ. ಭಾರ ಆಗಿದ್ದರೆ ಎರಡು ಹಗ್ಗ ಹಾಕಿಸುತ್ತೇನೆ.

ಬರಲಾಗದಿದ್ದರೆ ಅಲ್ಲೇ ಹಾಲು ಎರೆ. ಕೊಬ್ಬರಿ ಬಟ್ಟಲು ಕಳಿಸಿದ್ದೇನಲ್ಲ, ಅದರಲ್ಲೇ ಎರೆ, ಕಾಗದದ ಲೋಟದಲ್ಲಿ ಬೇಡ. ನಾಗಪ್ಪ ಸಿಟ್ಟಾಗುತ್ತಾನೋ ಇಲ್ಲವೋ, ಸಿಂಹದ ಬಾಯಿಯಾದರೆ ಏನು, ಕಲ್ಲಾದರೆ ಏನು, ಅವನಿಗೆ ಮುಟ್ಟುತ್ತದೆ. ನಿಮ್ಮವರನ್ನು ಮಲಗಿಸಿದರೂ ಕೂರಿಸಿದರೂ ಅವರು ಶಿವನ ಹತ್ತಿರವೇ ಇದ್ದಾರೆ, ಅದಕ್ಕೂ ಮರುಗಬೇಡ. ನಾನು ಕೇಳಬೇಕಿತ್ತು.

ಹೊತ್ತು ಹೊತ್ತಿಗೆ ಊಟ ಮಾಡು. ಎದುರಿಗೆ ಒಂದು ತಾಟು ಇರಲಿ.

ನಿಮ್ಮಣ್ಣ


ಹೌನ್ಸ್ಲೋ
1 ಅಕ್ಟೋಬರ್ 2000

ಅಣ್ಣಾ,

ಕಾಗದದ ಲೋಟ, ಸಿಂಹದ ಬಾಯಿ, ನಮ್ಮವರನ್ನು ಮಲಗಿಸಿದ್ದು, ಹೋಟೆಲಿನ ತಾಟು. ಇವನ್ನೆಲ್ಲ ನಾನು ಒಂದೇ ಒಂದು ಪತ್ರದಲ್ಲಿ ಬರೆದಿದ್ದೆ. ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ, ಕೂತು ಮತ್ತೆ ಓದಿದೆ. ಸುಳ್ಳು ಹೇಳಲು ನಿನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ.

ಸೂಜಿಮಲ್ಲಿಗೆಯನ್ನು ನಾನೇ ಹೊಲಿದೆ, ತೋಳು ಸಡಿಲ ಇಟ್ಟು. ತೊಟ್ಟು ಕನ್ನಡಿಯ ಮುಂದೆ ನಿಂತೆ. ನೋಡುವವರು ಯಾರೂ ಇರಲಿಲ್ಲ. ಹಾಗೇ ಮೇಲೊಂದು ಕೋಟು ಹಾಕಿಕೊಂಡು ಬಸ್ಸು ಹತ್ತಿ ಐಲ್‌ವರ್ತ್‌ಗೆ ಹೋದೆ. ಅಲ್ಲಿ ಥೇಮ್ಸ್ ನದಿಗೆ ಇಳಿಯಲು ಮೆಟ್ಟಿಲಿವೆ. ಪಂಚಮಿ ಅಲ್ಲ, ಏನೂ ಅಲ್ಲ, ಬರೀ ರವಿವಾರ. ಮುಂದಿನ ಶ್ರಾವಣದವರೆಗೆ ಕಾಯುವ ಧೈರ್ಯ ನನಗಾಗಲಿಲ್ಲ. ಎದೆಯದು "ಸ್ವಲ್ಪ" ಇದೆ ಎಂದು ಬರೆದಿದ್ದಿ. ನಿನ್ನ ಸ್ವಲ್ಪ ನನಗೆ ಗೊತ್ತು.

ಕೊಬ್ಬರಿ ಬಟ್ಟಲಲ್ಲೇ ಎರೆದೆ. ಬೇರೆ ಯಾರ ಹೆಸರೂ ಹೇಳಲಿಲ್ಲ. ಅಣ್ಣನ ಪಾಲು, ಅಣ್ಣನ ಪಾಲು, ಅಣ್ಣನ ಪಾಲು ಎಂದು ಹಾಲಿನ ಸೀಸೆ ಬರಿದಾಗುವವರೆಗೂ ಎರೆದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ ನಿಂತು ನೋಡಿದ. ಕೋಟಿನ ಗುಂಡಿ ಬಿಚ್ಚಿತ್ತು. "ಬಣ್ಣ ಚಂದ ಇದೆ" ಎಂದ ಇಂಗ್ಲಿಷಿನಲ್ಲಿ. ನಮ್ಮಣ್ಣ ಕಳಿಸಿದ್ದು ಅಂದೆ.

ಶ್ರಾವಣಕ್ಕೆ ಬರುತ್ತೇನೆ. ನೇತ್ರಾ ಟಿಕೆಟ್ ನೋಡುತ್ತಿದ್ದಾಳೆ. ಹಗ್ಗ ಎರಡಲ್ಲ, ಮೂರು ಹಾಕಿಸು. ಅಲ್ಲಿಯವರೆಗೆ ಡಾಕ್ಟರ ಮಾತು ಕೇಳು, ನನ್ನ ಮಾತು ಕೇಳಬೇಡ.

ಇಟಲಿಯ ಪತ್ರ ಬಂದಿಲ್ಲ ಎಂದು ಬರೆದಿದ್ದಿಯಲ್ಲ ಅಣ್ಣಾ, ಹೌದು, ಅದು ಬಂದಿಲ್ಲ. ನಾನು ಬಂದು ಕೇಳಿದರೂ ಬಂದಿಲ್ಲ ಅಂತಲೇ ಹೇಳು.

ಗುರೂ